ಸೈನಿಕ, ಸಮಾಜ, ಸೈ-ಫೈ: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರ ಜೊತೆ ಹರಟುವಾಗ, ಪತ್ರಗಳಲ್ಲಿ, ಒಮ್ಮೊಮ್ಮೆ ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೈಲಿದ್ದ ಮಿಲಿಟರಿ ಸೈ-ಫೈ (ಸೈನ್ಯದ ವಿಜ್ಞಾನ ಕಥೆ) ಪುಸ್ತಕದ ಮುಖಪುಟ ನೋಡಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದದೆ ಇಟ್ಟಿದ್ದೇನೆ. ಸುಲಭದವು ಮೊದಲು, ಜಗಳದವು ಆಮೇಲೆ. ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ಬೇರೆ ದಾರಿಯಿರಲಿಲ್ಲ.

## ಶುರುವಿನಲ್ಲಿ

ಮಿಲಿಟರಿ ಸೈ-ಫೈ ಅಂದ್ರೆ ಏನ್ ಸಾರ್? ಸ್ಟಾರ್ ವಾರ್ಸ್ ಕೂಡ ಅದೇ ತಾನೆ?

ಅಲ್ಲ. ಸ್ಟಾರ್ ವಾರ್ಸ್‌ನಲ್ಲಿ ಯುದ್ಧ ಬೇಕಾದಷ್ಟಿದೆ, ಸೈನ್ಯದ ದಿನಚರಿ ಇಲ್ಲ. ಅದು ರಾಜಕುಮಾರಿ, ಮಾಂತ್ರಿಕ, ಕತ್ತಿಯ ಕಥೆ. ಮಿಲಿಟರಿ ಸೈ-ಫೈಯಲ್ಲಿ ಕಥೆ ಸೈನ್ಯದೊಳಗೇ ಸಂಸಾರ ಹೂಡಿರುತ್ತದೆ: ಭರ್ತಿಯ ಸಾಲು, ತರಬೇತಿ, ಸಾರ್ಜೆಂಟನ ಬೈಗುಳ, ಊಟದ ತಟ್ಟೆ, ರದ್ದಾದ ರಜೆ, ಪಕ್ಕದ ಮಂಚದವನ ಸಾವು. ಅನ್ಯಗ್ರಹವನ್ನು ತೆಗೆದು ಹಾಕಿದರೂ ನಿವೃತ್ತ ಸೈನಿಕನೊಬ್ಬ ಓದಿ ‘ಹೌದು, ಹೀಗೇ ಇರುತ್ತೆ’ ಅಂದರೆ ಅದು ಈ ಜಾತಿಯ ಪುಸ್ತಕ.

ಇದೆಲ್ಲ ಅಮೆರಿಕದವರು ಶುರು ಮಾಡಿದ್ದಲ್ವಾ?

ದೊಡ್ಡದು ಮಾಡಿದ್ದು ಅವರು. ಬೀಜ ಇಂಗ್ಲೆಂಡಿನದು, ಅದಕ್ಕೆ ಹಿಂದೂಸ್ತಾನದ ಮಣ್ಣೂ ಸ್ವಲ್ಪ ಅಂಟಿದೆ. ಪ್ರಷ್ಯಾ ಫ್ರಾನ್ಸನ್ನು ಬಗ್ಗುಬಡಿದ ಬೆನ್ನಲ್ಲೇ, 1871ರ ಮೇ ತಿಂಗಳಲ್ಲಿ, ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ‘ದಿ ಬ್ಯಾಟಲ್ ಆಫ್ ಡಾರ್ಕಿಂಗ್’ ಎಂಬ ಕಥೆ ಬಂತು. ಜರ್ಮನ್ ಭಾಷೆಯ ಸೈನ್ಯವೊಂದು ಇಂಗ್ಲೆಂಡಿನಲ್ಲಿ ಇಳಿದು ಗೆದ್ದುಬಿಡುತ್ತದೆ. ಸೋತ ಸ್ವಯಂಸೇವಕ ಸೈನಿಕ ಮುದುಕನಾದ ಮೇಲೆ ಮೊಮ್ಮಕ್ಕಳಿಗೆ ಅದನ್ನು ಹೇಳುತ್ತಾನೆ. ಗಾಬರಿ ಎಷ್ಟಾಯಿತೆಂದರೆ ಪ್ರಧಾನಿ ಗ್ಲಾಡ್‌ಸ್ಟನ್ ಬಹಿರಂಗ ಭಾಷಣದಲ್ಲಿ ಇಂಥ ಗಾಬರಿಗೆ ಬೀಳಬೇಡಿ ಎಂದು ಎಚ್ಚರಿಕೆ ಕೊಡಬೇಕಾಯಿತು. ಬರೆದವನು ಬೆಂಗಾಲ್ ಎಂಜಿನಿಯರ್ಸ್‌ನ ಅಧಿಕಾರಿ ಜಾರ್ಜ್ ಚೆಸ್ನಿ, 1857ರಲ್ಲಿ ದೆಹಲಿ ಮುತ್ತಿಗೆಯಲ್ಲಿ ಗಾಯಗೊಂಡವನು. ಬೇರೆಯವರ ರಾಜಧಾನಿಯನ್ನು ಹಿಡಿದು ಬಂದವನಿಗೆ ತನ್ನ ಊರು ಹೋದೀತೆಂಬ ಕನಸು ಬಿತ್ತು ನೋಡಿ. ಆ ಭಯವನ್ನು ತಿರುಗಿಸಿ ಕನ್ನಡಿ ಮಾಡಿದವನು ಎಚ್. ಜಿ. ವೆಲ್ಸ್. 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನ ಮೊದಲ ಅಧ್ಯಾಯದಲ್ಲೇ, ದಾಳಿಗೆ ಬಂದ ಮಂಗಳಗ್ರಹದವರನ್ನು ಶಪಿಸುವ ಮುನ್ನ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನಾವು ಬಿಳಿಯರು ಹೇಗೆ ಅಳಿಸಿದೆವು ನೆನಪಿಸಿಕೊಳ್ಳಿ ಎನ್ನುತ್ತಾನೆ.

ಸೈನಿಕರ ಕಥೆ ಬರೆದರೆ ಮಿಲಿಟರಿಸಂ ಅಂತೀರಲ್ಲ, ಸೈನಿಕರನ್ನು ಗೌರವಿಸೋದು ತಪ್ಪಾ?

ತಪ್ಪಲ್ಲ. ಸೈನಿಕನ ಕಷ್ಟ ಬರೆಯುವುದು ಒಂದು, ಊರನ್ನೆಲ್ಲ ಬ್ಯಾರಕ್ಕಿನಂತೆ ನಡೆಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಇನ್ನೊಂದು. ಮಿಲಿಟರಿಸಂ ಅನ್ನುವುದು ಎರಡನೆಯದಕ್ಕೆ. ಬಂದೂಕು ಎಷ್ಟಿದೆ ಎಂದು ಎಣಿಸಿದರೆ ಅದು ಗೊತ್ತಾಗುವುದಿಲ್ಲ.

ನಾನು ನೋಡುವುದು ಒಂದನ್ನೇ: ಈ ಪುಸ್ತಕದಲ್ಲಿ ಸೈನಿಕ ಮನೆಗೆ ಬರುತ್ತಾನೋ? ನಮ್ಮ ವೀರಗಲ್ಲು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಚೆಲುವಾದ ಶಿಲ್ಪ. ಆದರೆ ಕಾಲು ಕಳೆದುಕೊಂಡು ಊರಿಗೆ ವಾಪಸ್ ಬಂದವನಿಗೆ ಅದರಲ್ಲಿ ಅಂಕಣವಿಲ್ಲ. ಎಷ್ಟೋ ಮಿಲಿಟರಿ ಸೈ-ಫೈ ವೀರಗಲ್ಲಿನ ಹಾಗೇ ಮೂರು ಅಂಕಣಕ್ಕೆ ನಿಲ್ಲುತ್ತದೆ. ನಾಲ್ಕನೆಯದನ್ನು ಕೆತ್ತಿದ ಪುಸ್ತಕಗಳು ಕಡಿಮೆ.

## ಎರಡು ಪುಸ್ತಕ, ಒಂದು ಸಿನಿಮಾ

‘ಸ್ಟಾರ್‌ಶಿಪ್ ಟ್ರೂಪರ್ಸ್’ ಫ್ಯಾಸಿಸ್ಟ್ ಪುಸ್ತಕವಂತೆ. ಹೌದೋ ಅಲ್ಲವೋ, ಒಂದೇ ಮಾತಲ್ಲಿ ಹೇಳಿ.

ಅಲ್ಲ. ಇನ್ನೆರಡು ಮಾತಿಗೆ ಅವಕಾಶ ಕೊಡಿ.

ರಾಬರ್ಟ್ ಹೈನ್‌ಲೈನ್ 1959ರಲ್ಲಿ ಕಟ್ಟಿದ ಆ ಲೋಕದಲ್ಲಿ ಪೂಜೆಗೆ ಕೂತ ನಾಯಕನಿಲ್ಲ, ಕಡ್ಡಾಯ ಭರ್ತಿಯಿಲ್ಲ, ಬೇಡವೆಂದರೆ ಬಿಟ್ಟು ಹೋಗಬಹುದು. ಜನಾಂಗದ ಮೇಲುಕೀಳಿಲ್ಲ. ಅನ್ಯಗ್ರಹದ ಹುಳಗಳ ವಿರುದ್ಧ ಕಾದುವ ಸೈನಿಕ, ಕಥಾನಾಯಕ ಹುವಾನ್ ರೀಕೋನ ಮನೆಮಾತು ಟಗಾಲೊಗ್, ಅವನು ಫಿಲಿಪೀನ್ಸಿನವನು ಎಂಬುದು ಪುಸ್ತಕ ಮುಗಿಯುವ ಹೊತ್ತಿಗೆ ಸುಮ್ಮನೆ ಮಾತಿನ ನಡುವೆ ತಿಳಿಯುತ್ತದೆ. ಆ ಕಾಲದ ಅಮೆರಿಕದಲ್ಲಿ ಹುಡುಗರಿಗೆಂದು ಬರೆದ ಪುಸ್ತಕಕ್ಕೆ ಅದು ಸಣ್ಣ ಮಾತಲ್ಲ.

ಆದರೂ ಅದು ಕಸಿವಿಸಿ ಹುಟ್ಟಿಸುವ ಪುಸ್ತಕ. ತಪ್ಪಿಗೆ ಎಲ್ಲರೆದುರು ಚಾಟಿಯೇಟು. ತರಗತಿಯಲ್ಲಿ ನಿವೃತ್ತ ಕರ್ನಲ್ ಮೇಷ್ಟ್ರು ಪ್ರತಿ ವಾದದಲ್ಲೂ ಗೆಲ್ಲುತ್ತಾರೆ, ಏಕೆಂದರೆ ಎದುರು ಕೂತವರಿಗೆ ಲೇಖಕ ಒಳ್ಳೆಯ ಮಾತು ಕೊಟ್ಟೇ ಇಲ್ಲ. ಮೊದಲ ಅಧ್ಯಾಯದಲ್ಲಿ ರೀಕೋ ಶತ್ರುನಗರವೊಂದರ ಮೇಲೆ ಹಾರುತ್ತ ಜನ ತುಂಬಿದ ಕಟ್ಟಡದೊಳಕ್ಕೆ ಒಂದು ಬಾಂಬ್ ಎಸೆಯುತ್ತಾನೆ. ಆ ಬಾಂಬ್ ಆ ಜನರ ಭಾಷೆಯಲ್ಲೇ ಕೂಗುತ್ತದೆ: ನಾನು ಮೂವತ್ತು ಸೆಕೆಂಡಿನ ಬಾಂಬ್, ಇಪ್ಪತ್ತೊಂಬತ್ತು, ಇಪ್ಪತ್ತೆಂಟು... ಒಳಗಿದ್ದವರು ಯಾರು, ಏನು ಮಾಡುತ್ತಿದ್ದರು, ರೀಕೋಗೂ ಸರಿಯಾಗಿ ಗೊತ್ತಿಲ್ಲ. ಅವನು ಮುಂದಿನ ಛಾವಣಿಗೆ ನೆಗೆಯುತ್ತಾನೆ. ಹೈನ್‌ಲೈನ್ ಇದನ್ನು ಎಷ್ಟು ಸಲೀಸಾಗಿ ಬರೆದಿದ್ದಾನೆಂದರೆ, ಒಂದು ಪುಟ ದಾಟಿದ ಮೇಲೆ ನಾನು ಹಿಂದಕ್ಕೆ ಬಂದು ಮತ್ತೆ ಓದಿದೆ.

ಹೈನ್‌ಲೈನ್ ಸ್ವತಃ ಯುದ್ಧ ಮಾಡಿದ್ದನಾ? ಇಷ್ಟು ಉಪದೇಶ ಎಲ್ಲಿಂದ ಬಂತು?

ಮಾಡಿರಲಿಲ್ಲ. 1929ರಲ್ಲಿ ಅನಾಪೊಲಿಸ್ ನೌಕಾ ಅಕಾಡೆಮಿಯಿಂದ ಹೊರಬಂದ, 1934ರಲ್ಲಿ ಕ್ಷಯರೋಗ ಅವನನ್ನು ಮನೆಗೆ ಕಳಿಸಿತು. ಎರಡನೇ ಮಹಾಯುದ್ಧದಲ್ಲಿ ಫಿಲಡೆಲ್ಫಿಯಾದ ನೌಕಾನೆಲೆಯಲ್ಲಿ ಎಂಜಿನಿಯರ್ ಆಗಿ ದುಡಿದ. ನೌಕರಿಯ ಆಸೆ ತೀರದೆ ಉಳಿದವನ ಪ್ರೀತಿ ಅದು, ಹಾಗಾಗಿ ಸ್ವಲ್ಪ ಬಿಸಿ ಜಾಸ್ತಿ. 1958ರಲ್ಲಿ ಅಣುಪರೀಕ್ಷೆ ನಿಲ್ಲಿಸಿ ಎಂದು ಶಾಂತಿವಾದಿಗಳು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಅವನು ಕೆರಳಿ ತಾನೂ ಒಂದು ಜಾಹೀರಾತು ಕೊಟ್ಟ. ಬರೆಯುತ್ತಿದ್ದ ಕಾದಂಬರಿಯನ್ನು ಬದಿಗಿಟ್ಟು ಇದನ್ನು ಬರೆದ. ಅವನ ಹಳೆಯ ಪ್ರಕಾಶಕರು ಸ್ಕ್ರಿಬ್ನರ್ಸ್ ಬೇಡವೆಂದರು, ಪಟ್ನಮ್ ತೆಗೆದುಕೊಂಡಿತು, 1960ರಲ್ಲಿ ಸೈ-ಫೈಯ ದೊಡ್ಡ ಪ್ರಶಸ್ತಿ ಹ್ಯೂಗೋ ಬಂತು. ತಮಾಷೆಯೆಂದರೆ ಬದಿಗಿಟ್ಟಿದ್ದ ಆ ಇನ್ನೊಂದು ಪುಸ್ತಕ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’. ಅದನ್ನು ಹಿಪ್ಪಿಗಳು ತಲೆಯ ಮೇಲೆ ಹೊತ್ತು ಕುಣಿದರು.

ನಾನು ಸಿನಿಮಾ ನೋಡಿದ್ದೀನಿ. ಪುಸ್ತಕ ಬೇರೆ ಓದಬೇಕಾ?

ಓದಬೇಕು, ಎರಡೂ ಒಂದೇ ಹೆಸರಿಟ್ಟುಕೊಂಡ ಶತ್ರುಗಳು. 1997ರ ಚಿತ್ರದ ನಿರ್ದೇಶಕ ಪಾಲ್ ವೆರ್‌ಹೂವೆನ್ ನಾಜಿಗಳು ಆಕ್ರಮಿಸಿದ್ದ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಮಗು. ಹೈನ್‌ಲೈನನ ಪುಸ್ತಕವನ್ನು ಪೂರ್ತಿ ಓದಲೂ ಆಗಲಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಹಲ್ಲು ಹೊಳೆಯುವ ಸುಂದರ ಹುಡುಗ ಹುಡುಗಿಯರು, ಸರ್ಕಾರಿ ಸುದ್ದಿಚಿತ್ರ, ನಾಜಿ ವಾಸನೆಯ ಸಮವಸ್ತ್ರ, ಎಲ್ಲವೂ ಅಣಕ. ಬಿಡುಗಡೆಯಾದಾಗ ಎಷ್ಟೋ ವಿಮರ್ಶಕರಿಗೆ ಅಣಕ ಗೊತ್ತಾಗದೆ ಚಿತ್ರವೇ ಫ್ಯಾಸಿಸ್ಟ್ ಅಂದರು. ಪುಸ್ತಕದ ಜೀವವಾದ, ಸೈನಿಕರು ತೊಟ್ಟು ನೆಗೆಯುವ ಯಂತ್ರಕವಚ ಮಾತ್ರ ಚಿತ್ರದಲ್ಲಿಲ್ಲ.

ಹಾಲ್ಡ್‌ಮನ್‌ನ ‘ದಿ ಫಾರೆವರ್ ವಾರ್’ ಹೈನ್‌ಲೈನ್‌ಗೆ ಕೊಟ್ಟ ಏಟು ಅಂತ ಕಾಲೇಜಲ್ಲಿ ಹೇಳಿದ್ದರು.

ಏಟು ಅನ್ನಬೇಡಿ. ಹಾಲ್ಡ್‌ಮನ್ ತಾನು ಬರೆದದ್ದು ವಿಯೆಟ್ನಾಂ ಬಗ್ಗೆ ಅನ್ನುತ್ತಾನೆ, ಹೈನ್‌ಲೈನ್ ಅದನ್ನು ಓದಿ ಮೆಚ್ಚಿದ. ಜೋ ಹಾಲ್ಡ್‌ಮನ್ ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿ 1967ರಲ್ಲಿ ಪದವಿ ಮುಗಿಸುತ್ತಿದ್ದ ಹಾಗೆ ಕಡ್ಡಾಯ ಭರ್ತಿಯ ಕಾಗದ ಬಂತು. ವಿಯೆಟ್ನಾಂನಲ್ಲಿ ಕಾಂಬ್ಯಾಟ್ ಎಂಜಿನಿಯರ್ ಆಗಿ ಸ್ಫೋಟಕದ ಕೆಲಸ. (ಆ ಕಸುಬಿನ ಒಂದು ಉಪಕರಣ ಬ್ಯಾಂಗಲೋರ್ ಟಾರ್ಪೆಡೊ, 1912ರಲ್ಲಿ ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮಾಡಿದ್ದು.) ಮೈತುಂಬ ಗಾಯವಾಗಿ ಮರಳಿದ. 1974ರ ಪುಸ್ತಕದಲ್ಲಿ ದೂರದ ನಕ್ಷತ್ರಗಳಲ್ಲಿ ಕಾದಲು ಹೋಗುವ ನಾಯಕನ ಹೆಸರು ಮಂಡೆಲ್ಲಾ. ಇಂಗ್ಲಿಷ್ ಅಕ್ಷರ ಕಲಸಿದರೆ ಹೆಚ್ಚುಕಮ್ಮಿ ಹಾಲ್ಡ್‌ಮನ್ನೇ. ವಿಯೆಟ್ನಾಂ ಕುರಿತ ಸೈ-ಫೈ ಯಾರಿಗೆ ಬೇಕು ಎಂದು 18 ಪ್ರಕಾಶಕರು ವಾಪಸ್ ಕಳಿಸಿದರು. ಆಮೇಲೆ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದವು.

ಅದರಲ್ಲಿ ಕಾಲ ನಿಧಾನವಾಗೋದು ಬರೀ ಗಿಮಿಕ್ ಅನ್ನಿಸ್ತು ನನಗೆ.

ನನಗೆ ಆ ಪುಸ್ತಕದ ಹೃದಯವೇ ಅದು ಅನ್ನಿಸಿದೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಳಕಿನ ವೇಗದ ಹತ್ತಿರ ಹೋಗುವ ಹಡಗಿನಲ್ಲಿ ತಿಂಗಳುಗಳು ಕಳೆದರೆ ಭೂಮಿಯಲ್ಲಿ ವರ್ಷಗಳು, ಶತಮಾನಗಳು ಕಳೆಯುತ್ತವೆ. ಐನ್‌ಸ್ಟೈನನ ಸಾಪೇಕ್ಷತೆಯಲ್ಲಿ ಅದು ಗಟ್ಟಿ ಲೆಕ್ಕ. ಹಾಲ್ಡ್‌ಮನ್ ಆ ಲೆಕ್ಕಕ್ಕೆ ರಜೆಯ ಮೇಲೆ ಬಂದ ಸೈನಿಕನನ್ನು ಕೂರಿಸಿದ. ಮಂಡೆಲ್ಲಾನಿಗೆ ಎರಡು ವರ್ಷದ ನೌಕರಿ, ಮನೆಯಲ್ಲಿ 26 ವರ್ಷ. ಅಪ್ಪ ತೀರಿಕೊಂಡಿದ್ದಾರೆ. ಖಾತೆಯಲ್ಲಿ ಸಂಬಳ ರಾಶಿ ಬಿದ್ದಿದೆ. ಅಮ್ಮನಿಗೆ 84, ಕಾಯಿಲೆ. ಆದರೆ ಆ ಕಾಲದ ಸರ್ಕಾರ ಪ್ರತಿ ಮನುಷ್ಯನಿಗೂ ಚಿಕಿತ್ಸೆಯ ಆದ್ಯತೆಗೆ ಅಂಕ ಇಟ್ಟಿದೆ, ವಯಸ್ಸಾದ ಅಮ್ಮನ ಅಂಕ ಸೊನ್ನೆ. ಭೂಮಿಯನ್ನು ಕಾಯಲು ಹೋದ ಮಗನ ಕಣ್ಣೆದುರೇ ಆ ಭೂಮಿಯ ಡಾಕ್ಟರರು ಅವಳನ್ನು ಮುಟ್ಟುವುದಿಲ್ಲ. ಮಗ ಮತ್ತೆ ಸೈನ್ಯಕ್ಕೇ ಸೇರುತ್ತಾನೆ. ಚಂದ್ರನ ಮೇಲೆ ಪಾಠ ಹೇಳುವ ಕೆಲಸ ಕೊಡುತ್ತೇವೆಂಬ ಮಾತು, ಸಹಿ ಬಿದ್ದ ಕೂಡಲೇ ಯುದ್ಧಕ್ಕೆ ಹೊರಡು ಎಂಬ ಆದೇಶ.

ಈ ಭಾಗ ಬಹಳ ಕಹಿಯಾಯಿತೆಂದು, ಕಥೆಯನ್ನು ಮೊದಲು ತುಂಡು ತುಂಡಾಗಿ ಅಚ್ಚು ಹಾಕಿದ ‘ಅನಲಾಗ್’ ಪತ್ರಿಕೆಯ ಸಂಪಾದಕ ಬೆನ್ ಬೋವಾ ಒಪ್ಪಲಿಲ್ಲ, ಹಗುರವಾದದ್ದನ್ನು ಬರೆಸಿಕೊಂಡ. ಮೂಲ ಭಾಗ ಪುಸ್ತಕಕ್ಕೆ ಸೇರಿದ್ದು 1990ರ ದಶಕದಲ್ಲಿ. ನಾಲ್ಕನೇ ಅಂಕಣ ಕೆತ್ತುವುದಕ್ಕೆ ಶಿಲ್ಪಿ ಸಿದ್ಧನಿದ್ದರೂ ಕಲ್ಲಿನ ಯಜಮಾನ ಬಿಡುವುದಿಲ್ಲ.

ಸಾಪೇಕ್ಷತೆ ಇಲ್ಲದೆಯೂ ಇದನ್ನು ಹೇಳಬಹುದಿತ್ತು, ನಿಜ. ವಿಯೆಟ್ನಾಂನಲ್ಲಿ ಒಂದು ವರ್ಷ ಕಳೆದು ಬಂದವನಿಗೆ ಹಾಡು, ಬಟ್ಟೆ, ಮಾತು, ಪ್ರೇಯಸಿ ಎಲ್ಲ ಬದಲಾಗಿದ್ದವು. ಆ ಒಂದು ವರ್ಷವನ್ನು 26 ಮಾಡಿ, ಕೊನೆಗೆ ಸಾವಿರ ದಾಟಿಸಿದಾಗ ಮನೆಯಲ್ಲಿ ಕೂತ ಓದುಗನಿಗೂ ತಲೆ ತಿರುಗುತ್ತದೆ.

## ಊರಿನವರು ಮತ್ತು ಸಮವಸ್ತ್ರ

ವಿಯೆಟ್ನಾಂನಿಂದ ಬಂದವರ ಮುಖಕ್ಕೆ ಏರ್‌ಪೋರ್ಟಲ್ಲಿ ಉಗಿದರಂತೆ, ಎಂಥ ಜನ!

ಈ ಕಥೆ ಎಲ್ಲರಿಗೂ ಗೊತ್ತು, ಆಧಾರ ಮಾತ್ರ ತೆಳು. ತಾನೂ ವಿಯೆಟ್ನಾಂಗೆ ಹೋಗಿ ಬಂದ ಸಮಾಜಶಾಸ್ತ್ರಜ್ಞ ಜೆರ್ರಿ ಲೆಂಬ್ಕಿ ಹುಡುಕಿ ನೋಡಿ, ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ಪುರಾವೆ ಸಿಗಲಿಲ್ಲ ಎಂದು 1998ರಲ್ಲಿ ಪುಸ್ತಕವನ್ನೇ ಬರೆದ. ಅವನ ಮಾತನ್ನು ಒಪ್ಪದವರೂ ಇದ್ದಾರೆ. ಬಂದವರಲ್ಲಿ ಬಹಳ ಮಂದಿ ಹೇಳಿಕೊಂಡದ್ದು ಮೌನದ ಬಗ್ಗೆ. ಯಾರೂ ಏನೂ ಕೇಳಲಿಲ್ಲ. ಯುದ್ಧದ ಗಾಯ ಮನಸ್ಸಿಗೂ ಆಗುತ್ತದೆಂದು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 1980ರಲ್ಲಿ. ಕಡ್ಡಾಯ ಭರ್ತಿ 1973ಕ್ಕೇ ನಿಂತಿತ್ತು. ಆಮೇಲೆ ಸೈನ್ಯಕ್ಕೆ ಹೋಗುವವರು ಬೇರೆ ಯಾರದೋ ಮಕ್ಕಳಾದರು. ಕಂಡಕಂಡಲ್ಲಿ ‘ನಿಮ್ಮ ಸೇವೆಗೆ ಥ್ಯಾಂಕ್ಸ್’ ಅನ್ನುವ ಅಭ್ಯಾಸ ಬಲಿತದ್ದೂ ಆಮೇಲೆಯೇ.

ಸೈ-ಫೈ ಬರೆಯೋರೆಲ್ಲ ಯುದ್ಧ ವಿರೋಧಿಗಳೇ ಅಲ್ವಾ?

1968ರ ‘ಗ್ಯಾಲಕ್ಸಿ’ ಪತ್ರಿಕೆಯ ಜೂನ್ ಸಂಚಿಕೆ ಸಿಕ್ಕರೆ ನೋಡಿ. ಲೇಖಕರು ಸ್ವಂತ ದುಡ್ಡು ಹಾಕಿ ಕೊಟ್ಟ ಎರಡು ಜಾಹೀರಾತುಗಳಿವೆ. ವಿಯೆಟ್ನಾಂನಲ್ಲಿ ಅಮೆರಿಕ ಇರಲೇಬೇಕು ಎಂದು 70ಕ್ಕೂ ಹೆಚ್ಚು ಮಂದಿ, ಅದರಲ್ಲಿ ಹೈನ್‌ಲೈನ್, ಪೌಲ್ ಆಂಡರ್ಸನ್, ಲ್ಯಾರಿ ನಿವೆನ್. ಬೇಡ ಎಂದು 80ಕ್ಕೂ ಹೆಚ್ಚು ಮಂದಿ, ಅದರಲ್ಲಿ ಅಸಿಮೋವ್, ಬ್ರ್ಯಾಡ್‌ಬರಿ, ಲೆ ಗ್ವಿನ್. ಮದುವೆಮನೆಯಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಬೇರೆ ಪಂಕ್ತಿ ಹಾಕಿದ ಹಾಗೆ.

ನಮ್ಮಪ್ಪ ಮಿಲಿಟರಿಯಲ್ಲಿದ್ದರು. ಇಂಥ ಪುಸ್ತಕ ಅವರಿಗೆ ಓದಿ ಹೇಳಿದರೆ ಬೇಜಾರಾಗ್ತಾರಾ?

ನಿಮ್ಮ ತಂದೆಯವರ ಮನಸ್ಸು ನಿಮಗೇ ಗೊತ್ತು. ನಾನು ಕಂಡದ್ದು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರ್ ಇದ್ದರು, ಎಲ್ಲರಿಗೂ ಮಿಲಿಟರಿ ಮಾವ. ಆಗಸ್ಟ್ 15ಕ್ಕೆ ಅವರಿಗೆ ಶಾಲು, ಹಾರ. ಮಿಕ್ಕ ದಿನ ಎಟಿಎಂ ಒಂದರ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ. ಅಡ್ಡ ನಿಲ್ಲಿಸಿದ ಬೈಕ್ ತೆಗೆಯಿರಿ ಅಂದರೆ ಶಾಲು ಹೊದಿಸಿದ್ದ ಅದೇ ಕೈಗಳು ‘ಹೋಗಯ್ಯ ವಾಚ್‌ಮನ್’ ಎಂದು ಬೀಸುತ್ತಿದ್ದವು. ಅವರು ರಜೆಗೆ ಬರುತ್ತಿದ್ದ ಕಾಲದಲ್ಲೂ ಗಡಿ ಹೇಗಿದೆ ಎಂದು ಯಾರೂ ಕೇಳಿದವರಲ್ಲ, ಕೇಳುತ್ತಿದ್ದದ್ದು ಕ್ಯಾಂಟೀನ್ ಬಾಟ್ಲಿ. ಕಿಪ್ಲಿಂಗ್ 1890ರಲ್ಲಿ ‘ಟಾಮಿ’ ಪದ್ಯದಲ್ಲಿ ಬರೆದದ್ದೂ ಇದನ್ನೇ: ಶಾಂತಿಕಾಲದಲ್ಲಿ ಸೈನಿಕನನ್ನು ಹೋಟೆಲಿನ ಒಳಗೆ ಬಿಡುವುದಿಲ್ಲ, ಗುಂಡು ಹಾರಿದಾಗ ಅವನೇ ದೇಶರಕ್ಷಕ.

ಮಿಲಿಟರಿ ಮಾವನಿಗೆ ಮಂಡೆಲ್ಲಾನ ಕಥೆ ಹೇಳಿದ್ದೆ. ಯುದ್ಧದ ಭಾಗಕ್ಕೆ ಆಕಳಿಸಿದರು. ಚಂದ್ರನ ಮೇಲಿನ ಪೋಸ್ಟಿಂಗ್ ಕೈತಪ್ಪಿದ ಜಾಗಕ್ಕೆ ಬಂದಾಗ ತೊಡೆ ತಟ್ಟಿ ನಕ್ಕು, ‘ಅಲ್ಲೂ ಹಂಗೇನಾ?’ ಅಂದರು.

## ಇನ್ನೂ ಆಳಕ್ಕೆ

ಸೇವೆ ಮಾಡಿದವರಿಗೆ ಮಾತ್ರ ಓಟು ಅಂತ ಇದೆಯಲ್ಲ ಪುಸ್ತಕದಲ್ಲಿ, ನಮ್ಮ ರಾಜಕಾರಣಿಗಳನ್ನು ನೋಡಿದರೆ ಅದೇ ಸರಿ ಅನ್ಸುತ್ತೆ.

ಈ ಪ್ರಶ್ನೆ ಅತಿ ಹೆಚ್ಚು ಸಲ ಬಂದಿದೆ, ಅದೂ ಚುನಾವಣೆಯ ಮಾರನೇ ದಿನ.

‘ಸ್ಟಾರ್‌ಶಿಪ್ ಟ್ರೂಪರ್ಸ್’ನ ನಿಯಮ ಹೀಗೆ: ಸೇವೆ ಮುಗಿಸಿ ಹೊರಬಂದವರಿಗೆ ಓಟು, ಸಮವಸ್ತ್ರದಲ್ಲಿದ್ದಾಗ ಅವರಿಗೂ ಇಲ್ಲ. ಸೇರುವವರನ್ನು ಹೆದರಿಸಲೆಂದೇ ಭರ್ತಿ ಕಚೇರಿಯ ಮೇಜಿನಲ್ಲಿ ಕೈಕಾಲು ಕಳೆದುಕೊಂಡ ಸಾರ್ಜೆಂಟನನ್ನು ಕೂರಿಸಿರುತ್ತಾರೆ. ಡ್ಯೂಟಿ ಮುಗಿದ ಮೇಲೆ ಅವನೇ ಕೃತಕ ಅವಯವ ತೊಟ್ಟು ಸರಾಗವಾಗಿ ನಡೆದು ಹೋಗುವುದನ್ನು ರೀಕೋ ನೋಡುತ್ತಾನೆ. ಸೊಗಸಾದ ದೃಶ್ಯ: ಗಾಯವೂ ಸರ್ಕಾರದ ಬೋರ್ಡು. ಇಂಥ ವ್ಯವಸ್ಥೆ ಯಾಕೆ ಎಂದು ತರಗತಿಯಲ್ಲಿ ಪ್ರಶ್ನೆ ಬಂದಾಗ ಕೊನೆಗೆ ಸಿಗುವ ಉತ್ತರ ‘ನಡೆಯುತ್ತಿದೆಯಲ್ಲ, ಅದಕ್ಕೇ’ ಎಂಬುದು. ಕಾದಂಬರಿಯಲ್ಲಿ ನಡೆಯದೆ ಏನು? ಅಲ್ಲಿ ನಡೆಸುವವನು ಲೇಖಕ.

ಹೊರಗೆ ನೋಡಿ. ಪುಸ್ತಕ ಬರುವುದಕ್ಕೆ ಒಂದು ವರ್ಷ ಮೊದಲು, 1958ರಲ್ಲಿ, ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಶಿಸ್ತಿನ ಹೆಸರಲ್ಲೇ ಅಧಿಕಾರ ಹಿಡಿದ. 1962ರಲ್ಲಿ ಬರ್ಮಾದಲ್ಲಿ ನೆ ವಿನ್. ಪ್ರಾಣ ಕೊಡಲು ಸಿದ್ಧನಿದ್ದವನು ನೀರಿನ ಬಿಲ್ಲು, ಶಾಲೆ, ಮೀಸಲಾತಿಯ ವಿಷಯದಲ್ಲೂ ಜಾಣನಾಗಿರುತ್ತಾನೆಂಬ ಖಾತ್ರಿ ಎಲ್ಲಿದೆ? ನನಗೆ ಕೊಡಗಿನ ಕಾರ್ಯಪ್ಪನವರು ನೆನಪಾಗುತ್ತಾರೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ನಿವೃತ್ತರಾಗಿ ಬಹಳ ವರ್ಷದ ಮೇಲೆ, 1971ರಲ್ಲಿ, ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಅವರಿಗಿದ್ದ ಓಟು ಒಂದೇ, ಎದುರಿನ ಸೊಪ್ಪು ಮಾರುವವಳಿಗೂ ಒಂದೇ. ಅವರ ಮೇಲಿನ ಗೌರವ ಅದರಿಂದ ಕಮ್ಮಿಯಾಗಲಿಲ್ಲ.

ಶತ್ರುಗಳು ಯಾಕೆ ಯಾವಾಗಲೂ ಹುಳಗಳೇ?

ಹುಳವನ್ನು ಹೊಸಕಿದರೆ ಪಾಪವಿಲ್ಲ, ಅದಕ್ಕೆ. ಹೈನ್‌ಲೈನ್ ಕಮ್ಯುನಿಸಂ ಸರಿಯಾಗಿ ಒಗ್ಗುವುದು ಇಂಥ ಹುಳಗಳಿಗೆ ಎಂದು ಬರೆದೇ ಬಿಟ್ಟ, ಕೊರಿಯಾ ಯುದ್ಧದ ಬಿಸಿ ಆರಿರಲಿಲ್ಲ. ಒಳ್ಳೆಯ ಲೇಖಕರು ಅದೇ ಹುಳವನ್ನು ಇಟ್ಟುಕೊಂಡು ಕೊನೆಗೆ ಮಗುಚುತ್ತಾರೆ. ಹಾಲ್ಡ್‌ಮನ್‌ನಲ್ಲಿ ಸಾವಿರ ವರ್ಷದ ಯುದ್ಧ ಮುಗಿದ ಮೇಲೆ ಅದು ಶುರುವಾದದ್ದೇ ತಪ್ಪು ತಿಳಿವಳಿಕೆಯಿಂದ ಎಂದು ಗೊತ್ತಾಗುತ್ತದೆ. ಆರ್ಸನ್ ಸ್ಕಾಟ್ ಕಾರ್ಡ್‌ನ ‘ಎಂಡರ್ಸ್ ಗೇಮ್’ನಲ್ಲಿ (1985) ಆಟವೆಂದುಕೊಂಡು ಹುಡುಗನೊಬ್ಬ ಒಂದಿಡೀ ಜೀವಜಾತಿಯನ್ನು ಅಳಿಸುತ್ತಾನೆ.

ರನ್ನನನ್ನು ಓದಿ ಬಂದವರಿಗೆ ಈ ಹುಳದ ವ್ಯವಹಾರ ಸ್ವಲ್ಪ ಬಡವಾಗಿ ಕಾಣುತ್ತದೆ. ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಸಾಹಸವನ್ನು ಹೊಗಳಿ, ಇಂಥ ಮರಣ ನನಗೂ ಸಿಗಲಿ ಎಂದು ಕೈಮುಗಿಯುತ್ತಾನೆ.

ಸೇನೆಗಳೇ ಈ ಪುಸ್ತಕ ಓದಿಸ್ತವಂತೆ, ನಿಜವಾ?

ನಿಜ. ‘ಸ್ಟಾರ್‌ಶಿಪ್ ಟ್ರೂಪರ್ಸ್’, ‘ಎಂಡರ್ಸ್ ಗೇಮ್’ ಎರಡೂ ಅಮೆರಿಕದ ಮರೀನ್ ದಳದ ಓದುಪಟ್ಟಿಯಲ್ಲಿ ಬಂದಿವೆ. ಫ್ರಾನ್ಸಿನ ರಕ್ಷಣಾ ಇಲಾಖೆ 2019ರಲ್ಲಿ ‘ರೆಡ್ ಟೀಮ್’ ಎಂದು ಲೇಖಕರನ್ನೇ ಕರೆಸಿ ಮುಂದಿನ ಯುದ್ಧಗಳನ್ನು ಊಹಿಸಲು ಹೇಳಿತು. ಯಂತ್ರಕವಚ ಕಟ್ಟಲು ಹೊರಟ ಅಮೆರಿಕದ ‘ಟಾಲೋಸ್’ ಯೋಜನೆ ಮಾತ್ರ 2019ರ ಹೊತ್ತಿಗೆ ಕೈಚೆಲ್ಲಿತು. 1983ರಲ್ಲಿ ರೇಗನ್ ಆಕಾಶದಲ್ಲೇ ಕ್ಷಿಪಣಿ ತಡೆಯುವ ಯೋಜನೆ ಘೋಷಿಸುವ ಮೊದಲು ಅದರ ಪರ ಸಲಹೆ ಕೊಟ್ಟ ಗುಂಪಿನಲ್ಲಿ ಸೈ-ಫೈ ಲೇಖಕರಾದ ಜೆರ್ರಿ ಪೌರ್ನೆಲ್, ಹೈನ್‌ಲೈನ್ ಇದ್ದರು. ಇನ್ನೊಬ್ಬ ಸೈ-ಫೈ ಲೇಖಕ ಆರ್ಥರ್ ಕ್ಲಾರ್ಕ್ ಅದನ್ನು ಟೀಕಿಸಿದ್ದಕ್ಕೆ 1984ರಲ್ಲಿ ನಿವೆನ್ ಮನೆಯಲ್ಲಿ ಹೈನ್‌ಲೈನ್ ಅವನ ಮೇಲೆ ಎಗರಿದ. ಹಳೆಯ ಸ್ನೇಹ ಅಲ್ಲಿಗೆ ಒಡೆಯಿತು.

ಸರಿ, ಓದೋಕೆ ಎಲ್ಲಿಂದ ಶುರು ಮಾಡ್ಲಿ?

ಹೈನ್‌ಲೈನ್ ಮೊದಲು, ಸಿಟ್ಟು ಬಂದರೂ ಮುಗಿಸಿ. ಹಿಂದೆಯೇ ಹ್ಯಾರಿ ಹ್ಯಾರಿಸನ್‌ನ ‘ಬಿಲ್, ದಿ ಗ್ಯಾಲಾಕ್ಟಿಕ್ ಹೀರೋ’ (1965), ನಗಲು. ಆಮೇಲೆ ಲೆ ಗ್ವಿನ್‌ಳ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ (1972), ಏಕೆಂದರೆ ಅಲ್ಲಿ ಯುದ್ಧವನ್ನು ನೋಡುವುದು ಬಾಂಬ್ ಬೀಳುವ ಕಾಡಿನವರು. ಕೊನೆಗೆ ‘ದಿ ಫಾರೆವರ್ ವಾರ್’, 1990ರ ದಶಕದಿಂದೀಚೆಗಿನ ಮುದ್ರಣವೇ ಆಗಲಿ. ಅದರ ಕಟ್ಟಕಡೆಯ ಪುಟದಲ್ಲಿ ಕದನವಿಲ್ಲ, ಪದಕವಿಲ್ಲ. ಯಾವುದೋ ದೂರದ ಗ್ರಹದ ಸಣ್ಣ ಪತ್ರಿಕೆಯಿಂದ ಕತ್ತರಿಸಿದ ಒಂದು ತುಣುಕು ಸುದ್ದಿ ಇದೆ, ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುವಂಥದ್ದು. ಪುಸ್ತಕ ಕೈಗೆ ಬಂದ ಕೂಡಲೇ ಹಿಂದಿನಿಂದ ತೆರೆದು ಆ ಪುಟ ನೋಡಬೇಡಿ.